ನೀಲವ್ವನ ಹಗ್ಗ

ನೀಲವ್ವ ಸೇತುವೆಗೆ ಅಡ್ಡ ಹಗ್ಗ ಕಟ್ಟಿದಳೆಂದರೆ ಮುಗಿಯಿತು, ಸಾಹೇಬರ ಜೀಪೂ ನಿಲ್ಲಬೇಕು. ಹಳೆಯ ಸೀರೆಗಳನ್ನು ಹೊಸೆದು ಮಾಡಿದ ಹಗ್ಗ ಅದು. ಬೆಣ್ಣಿಹಳ್ಳದ ಕಲ್ಲಿನ ಸೇತುವೆಗೆ ಹತ್ತಿಕೊಂಡೇ ಅವಳ ಹೊಲ. ಸೇತುವೆಯ ಮೂರನೆಯ ಕಂಬದಲ್ಲಿ ಒಂದು ಕಲ್ಲು ಹೊರಚಾಚಿತ್ತು. ರಾಡಿ ನೀರು ಆ ಕಲ್ಲನ್ನು ಮುಟ್ಟಿತೆಂದರೆ ಇನ್ನರ್ಧ ತಾಸಿನಲ್ಲಿ ಸೇತುವೆ ಮುಳುಗುತ್ತದೆ ಎಂಬುದು ಅವಳ ಅಂದಾಜು. ಯಾರೂ ನೇಮಿಸದಿದ್ದರೂ ಮಳೆಗಾಲವಿಡೀ ಅವಳು ಆ ಕಲ್ಲನ್ನು ಕಾಯುತ್ತಿದ್ದಳು.

ನಾನಾಗ ಆಚೆ ದಂಡೆಯ ಶಾಲೆಗೆ ಹೊಸದಾಗಿ ಬಂದ ಮಾಸ್ತರ. ಒಂದು ದಿನ ತಡವಾದ ಸಿಟ್ಟಿನಲ್ಲಿ ಬೈಕಿನ ಮೇಲಿಂದಲೇ ರೇಗಿದೆ: "ನೀ ಯಾರಬೇ ನಿಲ್ಸಾಕ? ಸರ್ಕಾರೇನು?"

ಅವಳು ಹಗ್ಗಕ್ಕೆ ಇನ್ನೊಂದು ಗಂಟು ಬಿಗಿದಳು. "ಸರ್ಕಾರ ಅಲ್ರಿ ಮಾಸ್ತರ, ಹಳ್ಳದ ಬಾಜು ಹೊಲದಾಕಿ. ಕುಂದರ್ರಿ, ಶೇಂಗಾ ತಿನ್ರಿ."

ಶೇಂಗಾ ಮುಗಿಯುವ ಮೊದಲೇ ಸೇತುವೆಯ ಮೇಲೆ ನೀರು ಹರಿಯಿತು. ನಾನು ಇನ್ನೊಂದು ಹಿಡಿ ಶೇಂಗಾಕ್ಕೆ ಕೈಯೊಡ್ಡಿದೆ.

ಹೋದ ವರ್ಷದ ಬೇಸಿಗೆಯಲ್ಲಿ ಹೊಸದು ಕಟ್ಟುತ್ತೇವೆಂದು ಆ ಸೇತುವೆಯನ್ನು ಕೆಡವಿದರು. ನೀಲವ್ವ ಕೇಳಿದ್ದು ಇಷ್ಟೇ: "ಸಾಹೇಬ್ರ, ಆ ಮೂರನೇ ಕಂಬ ಒಂದ ಬಿಡ್ರಿ. ನೀರ ನೋಡಾಕ ಬೇಕು."

ಗುತ್ತಿಗೆದಾರ ನಕ್ಕ. ನೀರಿನ ಮಟ್ಟ ತೋರಿಸುವ ಪಟ್ಟಿ ಹಾಕಿಸುತ್ತೇನೆಂದ ಎಂಜಿನಿಯರ್. ಕಂಬ ಹೋಯಿತು, ಪಟ್ಟಿ ಬರಲಿಲ್ಲ, ಹೊಸ ಸೇತುವೆಯಂತೂ ಇಲ್ಲವೇ ಇಲ್ಲ. ನಾಲ್ಕು ಪೈಪುಗಳ ಮೇಲೆ ಮಣ್ಣು ಸುರಿದು ಇದೇ ರಸ್ತೆ ಎಂದರು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹಳ್ಳದಲ್ಲಿ ಹನಿ ನೀರಿಲ್ಲದ ಸುಡುಬಿಸಿಲಿನಲ್ಲಿ ನೀಲವ್ವ ಆ ಮಣ್ಣಿನ ದಾರಿಗೆ ಹಗ್ಗ ಕಟ್ಟಿ ಕೂತಳು. "ಪಟ್ಟಿ ಹಾಕೂ ತನಕ ಬಿಚ್ಚಂಗಿಲ್ಲ. ನೀರಿನ ಗುರ್ತಾ ಕಿತ್ತ ಒಗದೀರಿ, ಇನ್ನ ನಾ ಯಾವಾಗ ಯಾರನ್ನ ನಿಲ್ಲಿಸ್ಲಿ?"

ಪೊಲೀಸರು ಬಂದು ಹಗ್ಗ ಕೊಯ್ದು ಒಯ್ದರು. ಸಂಚಾರಕ್ಕೆ ಅಡ್ಡಿ ಎಂದು ಬರೆದುಕೊಂಡರು. ಅಷ್ಟು ವರ್ಷ ನಮ್ಮ ಜೀವ ಕಾಯ್ದವಳು ಅಡ್ಡಿಯಂತೆ! ಆ ವರ್ಷ ಮಳೆ ಕೈಕೊಟ್ಟು ಹಳ್ಳ ಬರಲೇ ಇಲ್ಲ; ಚಳಿಗಾಲದಲ್ಲಿ ನೀಲವ್ವ ಜ್ವರ ಬಂದು ತೀರಿಕೊಂಡಳು. ಹಗ್ಗ ಇನ್ನೂ ಠಾಣೆಯಲ್ಲೇ ಇದೆ.

ಮೊನ್ನೆ ಮೇಲೆಲ್ಲೋ ಮಳೆಯಾಗಿ ಹಳ್ಳ ಬಂತು. ಶಾಲೆ ಮುಗಿಸಿ ಬಂದು ದಂಡೆಯಲ್ಲಿ ನಿಂತೆ. ದಾಟಬಹುದೋ ಬಾರದೋ ತಿಳಿಯಲಿಲ್ಲ, ನೋಡಲು ಆ ಕಲ್ಲಿಲ್ಲ. ಅಷ್ಟರಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಒಬ್ಬ ಬೈಕಿನಲ್ಲಿ ಬಂದ. ನಾನು ಎರಡೂ ಕೈ ಚಾಚಿ ಅಡ್ಡ ನಿಂತೆ.

"ಬಾಜು ಸರೀರಿ! ನೀವ್ಯಾರ್ರಿ ನಿಲ್ಸಾಕ? ಸರ್ಕಾರೇನು?"

ಅವನ ಬೈಕಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೆ.

"ಕುಂದರ್ರಿ," ಅಂದೆ. ಕೊಡಲು ನನ್ನ ಬಳಿ ಶೇಂಗಾ ಇರಲಿಲ್ಲ.