ಜೈತೂನ್ ಬೀಯ ಕರೆಂಟಿನ ಒಲೆ

ಕಾಶ್ಮೀರದ ಬೆಟ್ಟದಲ್ಲಿ ಕುರಿ ಮೇಯಿಸುವ ಜೈತೂನ್ ಬೀಗೆ ಪಶುವೈದ್ಯರ ಕಚೇರಿಯಿಂದ ಅಪ್ಪಣೆಯಾಗಿತ್ತು: ಕುರಿಗಳಿಗೆ ಲಸಿಕೆ ಬೇಕಿದ್ದರೆ ಫೋನ್ ಆನ್ ಇರಲಿ. ಅಪ್ಪಣೆ ಬೆಟ್ಟ ಹತ್ತಿತು, ಕರೆಂಟು ಮಾತ್ರ ಇವತ್ತಿಗೂ ಹತ್ತಿಲ್ಲ.

ಚಾರಣಕ್ಕೆ ಬಂದವರು ಕೊಟ್ಟುಹೋದ ಪುಟ್ಟ ಒಲೆಯೊಂದು ಅವಳಲ್ಲಿತ್ತು. ಸೌದೆ ಉರಿದಷ್ಟು ಹೊತ್ತು ಅದು ಕರೆಂಟು ಕೊಡುತ್ತದೆ. ಅವಳು ಚಾರ್ಜು ನಿಲ್ಲದ ಹಳೆಯ ಫೋನನ್ನು ಅದಕ್ಕೆ ಸಿಕ್ಕಿಸಿದಳು. ಆದರೆ ಆ ಬೆಟ್ಟದವರ ರೂಢಿಯಂತೆ, ಉರಿ ಕಂಡು ಬಂದವರಿಗೆ ಉಪ್ಪು ಚಹಾ ಕೊಡಲೇಬೇಕು. ಹನ್ನೊಂದು ಮಂದಿ ಬಂದು ಕೂತರು.

“ಚಹಾಪುಡಿ ಮುಗೀತಲ್ಲ ಅತ್ತೆ, ಒಲೆ ಆರಿಸು,” ಎಂದ ನೆರೆಯ ಶೌಕತ್.

“ಒಲೆ ಆರಿದ್ರೆ ಫೋನೂ ಆರತ್ತೆ. ಕುಡಿದದ್ದು ಸಾಕು, ಸೌದೆ ತಾ ಹೋಗು.”

ಅಷ್ಟರಲ್ಲಿ ಕಚೇರಿಯಿಂದಲೇ ಫೋನ್ ಬಂತು. “ಲಸಿಕೆ ನಾಳೆ ಬರುತ್ತೆ. ಅಲ್ಲೀವರೆಗೂ ಫೋನ್ ಆನ್ ಇರಲಿ.”

ಶೌಕತ್ ಎದ್ದ. “ಸೌದೆ ತರ್ತೀನಿ ಅತ್ತೆ. ಹಾಗೇ ನನ್ನ ಫೋನೂ ತರ್ತೀನಿ.”