ನೀರಿನ ಆಫೀಸಿನಲ್ಲಿ ಬಾಯಾರಿಕೆ

ಸಮಾನತೆಯ ಕಾನೂನು ನಮ್ಮ ಆಫೀಸಿಗೆ ಬಂದದ್ದು ನನ್ನ ಕೈಯಿಂದಲೇ. ಮೇಲಿನಿಂದ ಬಂದ ಸುತ್ತೋಲೆಯನ್ನು ಟೈಪು ಮಾಡಿದವಳೂ ನಾನು, ನೋಟೀಸ್ ಬೋರ್ಡಿಗೆ ಅಂಟಿಸಿದವಳೂ ನಾನು. ಕೆಲಸದ ಜಾಗದಲ್ಲಿ ಗಂಡು ಹೆಣ್ಣೆಂಬ ಭೇದ ಕೂಡದು, ಹೆಂಗಸರಿಗೆ ಬೇಕಾದ ಸೌಕರ್ಯ ಇರಲೇಬೇಕು ಎಂದು ಅದರಲ್ಲಿತ್ತು. ಹೆಡ್ ಕ್ಲರ್ಕು ಕನ್ನಡಕ ಏರಿಸಿ ಓದಿ, ಟೈಪಿಂಗಿನಲ್ಲಿ ಒಂದೂ ತಪ್ಪಿಲ್ಲವೆಂದು ಹೊಗಳಿ ಚಹಾ ಕುಡಿಯಲು ಹೋದರು.

ಆಗ ನಾನು ಶಹಾಪುರದ ಕಡೆಯ ಒಂದು ಕಾಲುವೆ ಆಫೀಸಿನಲ್ಲಿ ಟೈಪಿಸ್ಟ್. ಹದಿನಾಲ್ಕು ಗಂಡಸರ ನಡುವೆ ಒಬ್ಬಳೇ ಹೆಂಗಸು. ಎಲ್ಲರಿಗೂ ಸೇರಿ ಹಿತ್ತಲಲ್ಲಿ ಒಂದು ಸಂಡಾಸು, ಅದಕ್ಕೆ ಒಳಚಿಲಕವಿಲ್ಲ. ಒಳಗಿದ್ದ ಗಂಡಸು ಗಟ್ಟಿಯಾಗಿ ಹಾಡುತ್ತಿದ್ದ, ಅದೇ ಚಿಲಕ. ನಾನೇನು ಹಾಡಲಿ? ಯಾದಗಿರಿಯಲ್ಲಿ ಬಸ್ಸು ಹತ್ತುವ ಮುಂಚೆ ಅರ್ಧ ಕಪ್ ಚಹಾ, ಆಮೇಲೆ ಸಂಜೆ ಮನೆ ಮುಟ್ಟುವ ತನಕ ಹನಿ ನೀರಿಲ್ಲ. ಊರೂರಿಗೆ ನೀರು ಬಿಡುವ ಆಫೀಸಿನಲ್ಲಿ ಕೂತು ಬಾಯಿ ಒಣಗಿಸಿಕೊಳ್ಳುತ್ತಿದ್ದೆ. ಎರಡು ಸಲ ಉರಿಮೂತ್ರವಾಯಿತು. ಇನ್ನೊಂದು ಸಲ ಹೀಗಾದರೆ ಕಿಡ್ನಿಗೇ ಪೆಟ್ಟು, ನೀರು ಕುಡಿ ಇಲ್ಲವೇ ನೌಕರಿ ಬಿಡು ಎಂದು ಡಾಕ್ಟರಮ್ಮ ಬೈದರು. ಅಪ್ಪನ ಜೊತೆ ಜಗಳಾಡಿ ಓದಿ ಹಿಡಿದ ನೌಕರಿ, ಬಿಡುವ ಮಾತೇ ಇರಲಿಲ್ಲ.

ಸಾಹೇಬರಿಗೆ ಬಾಯಿಬಿಟ್ಟು ಹೇಳಲು ನಾಚಿಕೆ. ಅರ್ಜಿ ಬರೆಯಲು ಕುಳಿತೆ. ನನ್ನ ಕೈಗೆ ರೂಢಿಯಿದ್ದದ್ದು ಒಂದೇ ಅರ್ಜಿ, ಕಾಲುವೆಯ ಕೊನೆ ಭಾಗದ ರೈತರದು: ಮೇಲಿನವರೇ ಎಲ್ಲ ಬಳಸುತ್ತಾರೆ, ನಮ್ಮ ತನಕ ಏನೂ ಬರುವುದಿಲ್ಲ, ಕಾನೂನಿನಲ್ಲಿ ನಮಗೂ ಪಾಲಿದೆ. ಅದೇ ಧಾಟಿಯಲ್ಲಿ ಸಂಡಾಸಿನ ಸಂಕಟವನ್ನು ಸ್ಪಷ್ಟವಾಗಿ ಬರೆದು, ಸುತ್ತೋಲೆಯ ನಂಬರು ಹಾಕಿ, ರೈತರ ಅರ್ಜಿಗಳ ಜೊತೆಗೇ ಸಾಹೇಬರ ಮೇಜಿನ ಮೇಲಿಟ್ಟೆ. ಸಾಹೇಬರು ಆ ಕಟ್ಟನ್ನು ಎಂದೂ ಓದಿದವರಲ್ಲ. ಎಲ್ಲದರ ಮೇಲೂ "ಸ್ಥಳ ಪರಿಶೀಲಿಸಿ ವರದಿ ನೀಡಿ" ಎಂದು ಗೀಚಿ ಸಹಿ ಹಾಕಿದರು.

ನಾಲ್ಕು ದಿನಕ್ಕೆ ಹೊಸ ಎಂಜಿನಿಯರ್ ಒಬ್ಬ ಟೇಪು, ದಪ್ಪ ಪುಸ್ತಕ ಹಿಡಿದು ಬಂದ. ಆರ್ಡರೆಂದರೆ ಆರ್ಡರು ಎನ್ನುವ ಹುಡುಗ. ಕಾಲುವೆಯ ಗೇಟಿನ ಹತ್ತಿರ ಕೂರುವಂತೆ ಸಂಡಾಸಿನ ಎದುರು ಸ್ಟೂಲು ಹಾಕಿ ಕೂತು, ಯಾರು ಎಷ್ಟು ಗಂಟೆಗೆ ಹೋದರು, ಎಷ್ಟು ನಿಮಿಷ ಇದ್ದರು ಎಂದು ಬರೆಯತೊಡಗಿದ. ಹನ್ನೊಂದರ ಹೊತ್ತಿಗೆ ಗಂಡಸರಿಗೆ ಪುಸ್ತಕದ ವಿಷಯ ಗೊತ್ತಾಯಿತು. ಅಲ್ಲಿಗೆ ಹಿತ್ತಲು ಖಾಲಿ! ಮಧ್ಯಾಹ್ನದ ಚಹಾ ತಂದ ಜವಾನ ಹಾಗೇ ವಾಪಸ್ಸು ಒಯ್ದ. ಒಬ್ಬರು ಕಾಲ ಮೇಲೆ ಕಾಲು ಹಾಕಿ ಕೂತವರು ಏಳಲೇ ಇಲ್ಲ. ನನಗೋ ಒಳಗೊಳಗೇ ಹಬ್ಬ.

ಮೂರು ಗಂಟೆಗೆ ಹೆಡ್ ಕ್ಲರ್ಕು ನನ್ನ ಟೇಬಲ್ಲಿನ ಮುಂದೆ ಬಂದು ನಿಂತರು. ಅಲ್ಲಿಯ ತನಕ ಮೇಡಂ ಎನ್ನುತ್ತಿದ್ದವರು ಅಂದು ತಂಗಿ ಅಂದರು.

"ತಂಗೀ, ಆ ಅರ್ಜಿ ವಾಪಸ್ ತಗೊಂಬಿಡವಾ. ಮುಂಜಾನಿಂದ ತಡಕೊಂಡು ಜೀವ ಹೋಗಾಕತ್ತೈತಿ."

"ನನಗ ಆರು ವರ್ಷ ಆತ್ರಿ," ಅಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಟೇಬಲ್ಲು ನೋಡಿದರು. ಎಲ್ಲರ ಟೇಬಲ್ಲಿನ ಮೇಲೂ ಒಂದೊಂದು ನೀರಿನ ಲೋಟವಿತ್ತು, ನನ್ನದರ ಮೇಲಿರಲಿಲ್ಲ.

ಎಂಜಿನಿಯರ್ ತನ್ನ ವರದಿಯಲ್ಲಿ, ಕೊನೆ ಭಾಗದ, ಅಂದರೆ ನನ್ನ, ಬಳಕೆ ಸೊನ್ನೆ, ದೂರು ನಿಜ ಎಂದು ಬರೆದ. ಸಾಹೇಬರು ಅದನ್ನು ಮಾತ್ರ ಓದಿದರು. ತಿಂಗಳೊಳಗೆ ಹಳೆ ಸಂಡಾಸಿನ ಪಕ್ಕದಲ್ಲೇ ನನಗೊಂದು ಸಣ್ಣ ಕೋಣೆ ಎದ್ದಿತು. ಬಡಿಗನನ್ನು ಕರೆತಂದು, ಮುಂದೆ ನಿಂತು ಚಿಲಕ ಹಾಕಿಸಿದವರು ಹೆಡ್ ಕ್ಲರ್ಕು. ಆಮೇಲೆ ತಾವೇ ಗಡಿಗೆಯಿಂದ ಒಂದು ಲೋಟ ನೀರು ತುಂಬಿ ತಂದು ನನ್ನ ಟೇಬಲ್ಲಿನ ಮೇಲಿಟ್ಟರು.

ಎಲ್ಲರೆದುರು ಗಟಗಟ ಕುಡಿದೆ, ಇನ್ನೊಂದು ಲೋಟ ತರಿಸಿ ಅದನ್ನೂ ಕುಡಿದೆ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಚಿಲಕ ಹಾಕಿಕೊಂಡೆ. ಹಾಡುವ ಅಗತ್ಯವೇನೂ ಇರಲಿಲ್ಲ. ಆದರೂ ಹಾಡಿದೆ.