ಕಡೆಯ ಹಾಡು ಮುಗಿದ ಮೇಲಿನ ಖಾಲಿ ಜಾಗ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಹಾಡಿನ ರೆಕಾರ್ಡುಗಳ ಮೂಲತಟ್ಟೆ ಕೊರೆದವಳು. ಮಾತೂ ಹಾಗೆಯೇ, ಚುಚ್ಚಿದರೆ ರಕ್ತ ಬರಬೇಕು. ಪಕ್ಕದ ಕೋಣೆಯಲ್ಲಿ ರೆಕಾರ್ಡಿನ ಹೊದಿಕೆಗೆ ಅಂಟು ಹಚ್ಚುತ್ತಿದ್ದವಳು ಅವಳ ಅಕ್ಕ.

ಅಕ್ಕನ ಗಂಡ ಊರೆಲ್ಲ ಕೊಂಡಾಡುವ ಗಾಯಕ. ಸೇತುವೆ ಕಾವಲುಗಾರನೊಬ್ಬನ ಕತೆಯನ್ನು ಎರಡು ತಟ್ಟೆಗಳ ತುಂಬ ಹಾಡಿನಲ್ಲೇ ಹೇಳುವ ರಾಕ್ ಒಪೆರಾ ಅವನಿಗೆ ಹೆಸರು ತಂದಿತ್ತು. ಜನ ಕಣ್ಣೀರು ಹಾಕುತ್ತಿದ್ದದ್ದು ಮಾತ್ರ ಕಡೆಯ ಹಾಡಿಗೆ. ಅದನ್ನು ಮಾತು, ರಾಗ ಸಮೇತ ಪಾತ್ರೆ ಉಜ್ಜುತ್ತ ಕಟ್ಟಿದವಳು ಅಕ್ಕ. ಪಕ್ಕದಲ್ಲಿ ಪಾತ್ರೆ ಒರೆಸುತ್ತ ನಿಂತಿದ್ದವಳು ಸೂಜಿ. ಹೊದಿಕೆಯ ಮೇಲೆ ಬಂದದ್ದು ಭಾವನ ಹೆಸರು. ವರ್ಷ ತುಂಬುವುದರೊಳಗೆ ಆ ಪುಣ್ಯಾತ್ಮ ಇನ್ನೊಬ್ಬಳೊಡನೆ ಬೇರೆ ಮನೆಯನ್ನೂ ಮಾಡಿದ. ಉಂಡ ಮನೆಯ ಜಂತೆ ಎಣಿಸಿದವನು. ಅಕ್ಕ ಹಾಡುವುದನ್ನೇ ಬಿಟ್ಟಳು. ಹಾಡು ಯಾರದೆಂದು ಅವನ ಬಾಯಿಂದಲೇ ಹೊರಬರಬೇಕು ಎಂದು ಸೂಜಿ ಹಲ್ಲು ಕಡಿದು ಕಾದಳು.

ಇಪ್ಪತ್ತೈದು ವರ್ಷವಾದ ನೆನಪಿಗೆ ಭಾವ ಆ ಒಪೆರಾವನ್ನು ಮತ್ತೆ ಅಚ್ಚು ಹಾಕಿಸಲು ಹೊರಟಾಗ ಕೆಲಸ ಬಂದದ್ದು ಅವಳ ಯಂತ್ರಕ್ಕೇ. ಕೈ ತುರಿಸಿತು. ಒಂದು ಗೆರೆ ತಪ್ಪಿಸಿದರೆ ಸಾಕು, ಮನೆಮನೆಯಲ್ಲೂ ಮುಳ್ಳು ಸಿಕ್ಕಿಕೊಂಡು ಭಾವ ಒಂದೇ ಪದ ಒದರುತ್ತ ಕೂತಿರುತ್ತಾನೆ. ಆದರೆ ಕೆಡುವುದು ಅಕ್ಕನ ಹಾಡು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು. ಸೂಜಿ ಅದನ್ನು ಬೇರೆ ಯಾವ ಹಾಡಿಗಿಂತಲೂ ಚೆನ್ನಾಗಿ ಕೊರೆದಳು.

ಹಾಡು ಮುಗಿದ ಮೇಲೆ ನಡುವಿನ ಚೀಟಿಯವರೆಗೆ ಬೆರಳಗಲ ಖಾಲಿ ಜಾಗ ಉಳಿಯುತ್ತದೆ. ತಟ್ಟೆ ಕೊರೆದವರು ಅದರ ನಂಬರನ್ನೂ ತಮ್ಮ ಗುರುತನ್ನೂ ಅಲ್ಲಿ ಕೈಯಾರೆ ಗೀಚುವುದು ವಾಡಿಕೆ. ಅಲ್ಲಿ ಗೀಚಿದ್ದು ಅಚ್ಚಾದ ಪ್ರತಿಯೊಂದರಲ್ಲೂ ಮೂಡುತ್ತದೆ. ಸೂಜಿ ನಂಬರಿನ ಪಕ್ಕದಲ್ಲಿ ದುಂಡಕ್ಷರದಲ್ಲಿ ಒಂದು ಸಾಲು ಗೀಚಿದಳು.

ಮಾದರಿ ತಟ್ಟೆ ಒಪ್ಪಲು ಬಂದ ಭಾವ ಕಣ್ಣು ಮುಚ್ಚಿಕೊಂಡು ಕೇಳಿದ. ಹಾಡುವವರೆಲ್ಲ ಮಾಡುವ ತಪ್ಪು ಅದು, ತಟ್ಟೆಯನ್ನು ಒಬ್ಬರೂ ನೋಡುವುದಿಲ್ಲ. ಬಹಳ ಚೆನ್ನಾಗಿದೆ ಎಂದು ತಲೆದೂಗಿ ಸಹಿ ಹಾಕಿ ಹೋದ. ಹತ್ತು ಸಾವಿರ ಪ್ರತಿ ಅಂಗಡಿ ಸೇರಿದವು.

ಹದಿನೈದನೆಯ ದಿನ ಅದೇ ತಟ್ಟೆ ಹಿಡಿದು ಓಡಿಬಂದ.

"ಏನೇ ಇದು? ಹೋದಲ್ಲೆಲ್ಲ ಜನ ಕೇಳ್ತಿದಾರೆ. ಎಲ್ಲ ವಾಪಸ್ ತರಿಸು, ಅಳಿಸು."

"ಅಳಿಸೋಕಾಗಲ್ಲ ಭಾವ. ಅಂಥದ್ದೇನು ಬರೆದಿದೆ?"

"ಏನು ಬರೆದಿದೆ ಅಂತ ನನ್ನನ್ನೇ ಕೇಳ್ತೀಯಾ?" ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದು ಓದಿದ. "ಹಾಡು ಹೆಂಡತಿಯದು, ಕದ್ದವನು ಗಂಡ."

ಸೂಜಿಯ ಹೊಟ್ಟೆಯ ಉರಿ ಆ ಕ್ಷಣಕ್ಕೆ ತಣ್ಣಗಾಯಿತು. ಆದರೂ ಅಷ್ಟಕ್ಕೇ ಬಿಡುವವಳಲ್ಲ. ಎದ್ದು ಹೋಗಿ ಪಕ್ಕದ ಕೋಣೆಯ ಬಾಗಿಲನ್ನು ಪೂರ್ತಿ ತೆರೆದಳು.

"ಇನ್ನೊಂದ್ಸಲ ಓದಿ ಭಾವ, ಸ್ವಲ್ಪ ಜೋರಾಗಿ. ಅಕ್ಕನಿಗೆ ಈಗೀಗ ಕಿವಿ ಮಂದ."